ಒಂದು ಎತ್ವದ ತಪ್ಪು

ಹೊಸದಾಗಿ ತಾತ ಆದ ಮನುಷ್ಯನನ್ನು ಮೂರು ತಿಂಗಳ ಮಟ್ಟಿಗೆ ಯಾರೂ ಯಾವ ಸರ್ಕಾರಿ ಪ್ರಶ್ನೆಯನ್ನೂ ಕೇಳಬಾರದು ಅಂತ ಒಂದು ಕಾನೂನು ಬರಬೇಕು. ಕುಡಿದವನ ಮಾತನ್ನು ಯಾರೂ ಬರೆದುಕೊಳ್ಳೋದಿಲ್ಲ ನೋಡಿ, ಹಾಗೇ ಹೊಸ ತಾತನ ಮಾತನ್ನೂ ಬರೆದುಕೊಳ್ಳಬಾರದು. ಅವನ ಕಾಲು ನೆಲದ ಮೇಲೆ ಇರೋದಿಲ್ಲ. ನಾನೇ ಉದಾಹರಣೆ. ಮೂವತ್ತು ವರ್ಷದಿಂದ ತೆಲುಗು ಸೀಮೆಯ ಅಂಚಿನ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾ ಬಂದವನು. ಮೊಮ್ಮಗಳು ಹುಟ್ಟಿದ ದಿನ ಒಂದು ಪ್ಯಾಂಟಿಗೆ ಜಿಪ್ಪನ್ನು ಹಿಂದುಗಡೆ ಇಟ್ಟು ಹೊಲಿದೆ. ಬಟ್ಟೆ ಕೊಟ್ಟು ಹೊಲಿಸುವ ಮಾಲೀಕರು ಕೂಗಾಡಿದರು. ನನಗೆ ಅದೂ ಜೋಗುಳದ ಹಾಗೆ ಕೇಳಿಸಿತು.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ನಾನು ಮಾತ್ರ ಮೊದಲ ದಿನದಿಂದ ಚೆಲುವೆ ಅಂತಲೇ ಕರೆಯೋದು. ಮೂಗು ನನ್ನದೇ. ಹಾಗಂತ ಹೇಳಿದರೆ ನನ್ನ ಹೆಂಡತಿ ಗಂಗಮ್ಮ, “ದೊಡ್ಡಾಕ್ಯಾದ ಮ್ಯಾಲೆ ಸರಿ ಹೋಗ್ತೈತಿ ಬಿಡ್ರಿ” ಅಂತಾಳೆ.

ಆದರೆ ಚೆಲುವೆ ಹುಟ್ಟಿದ್ದು ಏಪ್ರಿಲ್ ಕೊನೆಯಲ್ಲಿ. ರಾಯದುರ್ಗದ ಬೇಸಿಗೆ ಕಂಡವರಿಗೆ ಮುಂದೆ ಹೇಳಬೇಕಾಗಿಲ್ಲ. ಊರ ಬೆನ್ನಿಗೆ ಬಂಡೆಯ ಗುಡ್ಡ. ಹಗಲೆಲ್ಲ ಬಿಸಿಲು ಕುಡಿದು, ಸಂಜೆ ಅದನ್ನು ಬಡ್ಡಿ ಸಮೇತ ನಮ್ಮ ಮೇಲೆ ಉಗುಳುತ್ತದೆ. ಮನೆ ಮೇಲೆ ಸಿಮೆಂಟಿನ ತಾರಸಿ. ಅದರ ಮೇಲೆ ಹಪ್ಪಳ ಇಟ್ಟರೆ ಒಣಗೋದಿಲ್ಲ, ಸುಟ್ಟೇ ಹೋಗುತ್ತದೆ. ಹೊರಗೆ ಸೂರ್ಯನ ದರ್ಬಾರು, ಒಳಗೆ ಗಂಗಮ್ಮನದು. ಬಾಣಂತಿ ಕೋಣೆಗೆ ಗಾಳಿ ಬರಬಾರದು ಅಂತ ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಡದ ಬೋಗುಣಿ, ಮೇಲೆ ಸಾಂಬ್ರಾಣಿ ಹೊಗೆ. ನನ್ನ ಮಗಳು ಶಾರದೆ ಕಿವಿಗೆ ಬಟ್ಟೆ ಸುತ್ತಿಕೊಂಡು, “ಅವ್ವಾ, ನಾ ಬಾಣಂತಿನೋ ಬದನಿಕಾಯೋ? ಯಾಕ ಹಿಂಗ ಸುಡ್ತಿ?” ಅಂತ ಅಳುತ್ತಿದ್ದಳು.

ಊರನ್ನು ತಂಪು ಮಾಡುವ ಯೋಜನೆಯೊಂದು ಬಂದದ್ದು ಇದೇ ಹೊತ್ತಿಗೆ. ತಂಪು ಮಾಡುವವರು ನಮಗೆ ಹೊಸಬರಲ್ಲ. ಹಿಂದೆ ನಮ್ಮ ಟೈಲರ್ ಬೀದಿಯಲ್ಲಿ ಏಳು ಬೇವಿನ ಮರ ಇದ್ದವು. ಗಾಳಿ ಆಡಲಿ ಅಂತ ಬೀದಿ ಅಗಲ ಮಾಡಿ ಏಳನ್ನೂ ಕಡಿದರು. ಆಮೇಲೆ ನೆರಳಿಲ್ಲ ಅಂತ ಜನ ಗಲಾಟೆ ಮಾಡಿದ್ದಕ್ಕೆ, ಅದೇ ಜಾಗದಲ್ಲಿ ಸ್ಟೀಲಿನ ಬೆಂಚು ಹಾಕಿ, ಮೇಲೆ ತಗಡು ಹೊದಿಸಿ, ‘ನೆರಳಿನ ತಾಣ’ ಅಂತ ಬೋರ್ಡು ಬರೆಸಿದರು. ಆ ಬೆಂಚಿನ ಮೇಲೆ ಮಧ್ಯಾಹ್ನ ಕೂತವರು ಯಾರೂ ಇಲ್ಲ. ಕೂತು ಎದ್ದವರು ಇದ್ದಾರೆ, ಬಹಳ ಬೇಗ ಎದ್ದವರು. ಬೋರ್ಡಿನ ನೆರಳಿನಲ್ಲಿ ಒಂದು ನಾಯಿ ಮಲಗುತ್ತದೆ. ಹನ್ನೆರಡು ಗಂಟೆಗೆ ಅದೂ ಎದ್ದು, ಬೋರ್ಡನ್ನು ಒಂದು ಸಲ ನೋಡಿ, ಮೋರಿಗೆ ಇಳಿಯುತ್ತದೆ. ಬಿಸಿಲಿನ ಬಗ್ಗೆ ಜನರ ಅಭಿಪ್ರಾಯ ಕೇಳಬೇಕು ಅಂತ ಒಂದು ಸಭೆಯೂ ಆಯಿತು. ಏಸಿ ಹಾಲ್‌ನಲ್ಲಿ ಕೂರಿಸಿ “ನಿಮಗೆ ಏನು ತೊಂದರೆ?” ಅಂದರು. ನನಗೆ ಚಳಿ ಹತ್ತಿ, “ಸ್ವಲ್ಪ ಏಸಿ ಕಮ್ಮಿ ಮಾಡ್ರಿ” ಅಂದೆ. ಬೇರೆ ತೊಂದರೆ ಆ ಹೊತ್ತಿಗೆ ನೆನಪಾಗಲೇ ಇಲ್ಲ.

ಈ ಸಲದ ಯೋಜನೆ ಮಾತ್ರ ಒಳ್ಳೆಯದೇ ಇತ್ತು. ಸುಡುವ ತಾರಸಿಗೆಲ್ಲ ಪುಕ್ಕಟೆಯಾಗಿ ಬಿಳಿ ಬಣ್ಣ ಬಳಿಯುತ್ತಾರಂತೆ, ಒಳಗೆ ತಂಪಾಗುತ್ತದಂತೆ. ಅದಕ್ಕೆ ಮೊದಲು ಮನೆ ಮನೆ ಕೇಳಿ ಬರೆದುಕೊಳ್ಳಲು ಒಬ್ಬ ಸರ್ವೆ ಹುಡುಗಿ ಬಂದಳು. ನಾನು ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಮಿಷನ್ ತುಳಿಯುತ್ತಿದ್ದೆ. ಹುಡುಗಿ ತೆಲುಗಿನಲ್ಲಿ, “ತಾತಾ, ಮೀ ಇಲ್ಲು ಚಲುವೇನಾ?” ಅಂದಳು. ತೆಲುಗಿನಲ್ಲಿ ಚಲುವ ಅಂದರೆ ತಂಪು. ನಿಮ್ಮ ಮನೆ ತಂಪಾಗಿದೆಯಾ ಅಂತ ಅವಳು ಕೇಳಿದ್ದು. ನನಗೇನು ತೆಲುಗು ಬರೋದಿಲ್ಲವಾ? ಕನಸೂ ಅರ್ಧ ತೆಲುಗಿನಲ್ಲೇ ಬೀಳುತ್ತದೆ. ಆದರೆ ಮಿಷನ್ ಸದ್ದಿಗೆ ಮೊದಲ ಮಾತು ಹಾರಿ ಹೋಗಿ, ಕೊನೆಯ ಮಾತು ಒಂದೇ ಕಿವಿಗೆ ಬಿತ್ತು. ಅದು ಕಿವಿಯಿಂದ ಸೀದಾ ತೊಟ್ಟಿಲಿಗೆ ಹೋಯಿತು.

“ಚೆಲುವೇನಾ ಅಂತ ಕೇಳ್ತೀಯೇನವ್ವಾ? ಚೆಲುವೆ ಅಂದ್ರ ಚೆಲುವೆ! ಈ ಬೀದ್ಯಾಗ ಯಾರ ಮನ್ಯಾಗೂ ಇಲ್ಲ ಹಂಥಾದ್ದು!” ಅಂದೆ.

ಹುಡುಗಿ ಒಂದು ಕ್ಷಣ ತಾರಸಿ ನೋಡಿದಳು, ನನ್ನ ಮುಖದ ಬೆವರು ನೋಡಿದಳು. “ನಿಜಮಾ ತಾತಾ?” ಅಂದಳು. “ನನ್ನಾಣಿ” ಅಂದೆ. ಬರೆದುಕೊಂಡಳು. ಕೈಗೆ ಒಂದು ಬೆಲ್ಲದ ಉಂಡೆಯನ್ನೂ ಕೊಟ್ಟು ಕಳಿಸಿದೆ.

ಹತ್ತು ದಿನಕ್ಕೆ ಬಣ್ಣದವರು ಬಂದರು. ಎಡಗಡೆ ಮನೆ ಬೆಳ್ಳಗಾಯಿತು, ಬಲಗಡೆ ಮನೆ ಬೆಳ್ಳಗಾಯಿತು. ನಮ್ಮದನ್ನು ಬಿಟ್ಟು ಹೋದರು. ಬೆನ್ನು ಹತ್ತಿ ಕೇಳಿದರೆ, “ನಿಮ್ದು ಆಗ್ಲೇ ಚಲುವ ಮನಿ ಅಂತ ಬರದೈತಿ” ಅಂದರು. ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ, ಪಕ್ಕದ ಮನೆ ಹನುಮಂತಪ್ಪ ತನ್ನ ಬಿಳೀ ತಾರಸಿ ಮೇಲೆ ನಿಂತು ಹೊಟ್ಟೆ ಹಿಡಿದು ನಕ್ಕ. “ಏ ಮಾರಾಯಾ, ತಲಿಕಟ್ಟಿಗೂ ಎತ್ವಕ್ಕೂ ಫರಕ ಗೊತ್ತಾಗ್ಲಿಲ್ಲೇನು? ಮೂರನೇ ಕ್ಲಾಸು ಅರ್ಧಕ್ಕ ಬಿಟ್ರ ಹಿಂಗ ಆಗೋದು.” ಅವನು ಪೂರ್ತಿ ಮಾಡಿದ್ದಾನೆ, ಮೂರನೇ ಕ್ಲಾಸನ್ನ.

ನಗು ಅಲ್ಲಿಗೆ ಮುಗಿಯಿತು. ಮಗುವಿನ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿತು. ಶಾರದೆಯ ಅತ್ತೆ, ಮಡಕಶಿರದ ಪುಟ್ಟತಾಯಮ್ಮನವರು, ಅದನ್ನು ವಿಡಿಯೋ ಕಾಲಿನಲ್ಲಿ ನೋಡಿಬಿಟ್ಟರು. “ಏನಣ್ಣಾ ಇದು, ಮಗು ಬೆಂದೋಗೈತಲ್ಲ! ನಮ್ ಮಡಕಶಿರ್‌ದಾಗೆ ಸಾಯಂಕಾಲ ಆದ್ರೆ ದುಪ್ಪಟಿ ಹೊದ್ಕಂತೀವಿ ಕಣಣ್ಣ. ಭಾನುವಾರ ಬತ್ತೀನಿ. ನಿಮ್ ಮನೆ ತಣ್ಣಗಿದ್ರೆ ಸರಿ, ಇಲ್ದಿದ್ರೆ ತಾಯಿ ಮಗೀನ ಕರ್ಕೊಂಡೋಗ್ತೀನಿ” ಅಂದರು. ಐದು ತಿಂಗಳು ತವರಿನಲ್ಲಿ ಇರಬೇಕಾದ ಕೂಸು, ಒಂದೂವರೆ ತಿಂಗಳಿಗೇ ಹೊರಡುತ್ತದೆ ಅಂದರೆ? ಗಂಗಮ್ಮ ಕೆಂಡದ ಬೋಗುಣಿ ಹೊರಗೆ ತಂದಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಮಿಷನ್ ಮುಂದೆ ಕೂತು ದಾರ ಪೋಣಿಸಲು ನೋಡಿದೆ. ಸೂಜಿಯ ಕಣ್ಣು ಕಾಣಲಿಲ್ಲ. ವಯಸ್ಸಿನಿಂದ ಅಂದುಕೊಳ್ಳಿ.

ನನಗೆ ಬರೋದು ಒಂದೇ ವಿದ್ಯೆ. ಶೆಡ್ಡಿನಲ್ಲಿ ಜೀನ್ಸಿನ ತುಂಡುಗಳು ರಾಶಿ ಬಿದ್ದಿದ್ದವು. ಕಾಲು, ಸೊಂಟ, ಜೇಬು, ಏನು ಸಿಕ್ಕಿತೋ ಅದು. ನಾಲ್ಕು ದಿನ ಕೂತು ಎಲ್ಲಾ ಸೇರಿಸಿ ಒಂದು ದೊಡ್ಡ ಚಪ್ಪರ ಹೊಲಿದೆ. ತಾರಸಿ ಮೇಲೆ ಎದೆಮಟ್ಟಕ್ಕೆ ಬೊಂಬು ನಿಲ್ಲಿಸಿ ಕಟ್ಟಿದೆ, ನಡುವೆ ಗಾಳಿ ಓಡಾಡಲಿ ಅಂತ. ಬೆಳಿಗ್ಗೆ ಎರಡು, ಮಧ್ಯಾಹ್ನ ನಾಲ್ಕು ಕೊಡ ನೀರು ಚಿಮುಕಿಸಿದೆ. ದಪ್ಪ ಬಟ್ಟೆ, ನೀರು ಹಿಡಿದುಕೊಂಡು ತಣ್ಣಗೆ ನಿಂತಿತು. ಜೇಬುಗಳಲ್ಲಿ ತುಂಬಿದ ನೀರು ಕುಡಿಯಲು ಗುಬ್ಬಿಗಳು ಬಂದವು. ಬೀದಿಗೆ ಬೀದಿಯೇ ನೋಡಲು ಬಂತು. “ಮನಿಗೆ ಪ್ಯಾಂಟು ತೊಡಿಸ್ಯಾನ್ರೋ!” ಅಂತ ಹನುಮಂತಪ್ಪ ಕೂಗಿದ. “ಬೆಲ್ಟೂ ಹಾಕಪ್ಪಾ, ಗಾಳಿಗೆ ಜಾರೀತು!” ನಗಲಿ ಬಿಡಿ. ಗಂಗಮ್ಮ ತಾನಾಗಿ ಕಿಟಕಿಯ ಕಂಬಳಿ ತೆಗೆದಳು. ಬೆವರುಸಾಲೆ ಅಡಗತೊಡಗಿತು.

ಭಾನುವಾರ ಪುಟ್ಟತಾಯಮ್ಮನವರು ಬಸ್ಸಿಳಿದು, ತಲೆ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಬಂದರು. ದುಪ್ಪಟಿ ಎಲ್ಲಿ ಬೀಗಿತ್ತೀ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಒಳಗೆ ಹೋಗಿ ನೆಲ ಮುಟ್ಟಿ ನೋಡಿದರು, ಗೋಡೆ ಮುಟ್ಟಿದರು, ಕೊನೆಗೆ ಮಗುವಿನ ಕುತ್ತಿಗೆ ಮುಟ್ಟಿದರು. “ಪರ್ವಾಗಿಲ್ಲ ಅನ್ನಂಗೈತೆ. ನೋಡಾನ” ಅಂತ, ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಕೂತರು. ನಾನು ಶೆಡ್ಡಿಗೆ ಬಂದು ಮಿಷನ್ ತುಳಿಯುತ್ತಿದ್ದರೂ ನನ್ನ ಜೀವ ಆ ‘ನೋಡಾನ’ದಲ್ಲೇ ತೂಗಾಡುತ್ತಿತ್ತು.

ಅದೇ ಹೊತ್ತಿಗೆ ಸರ್ವೆ ಹುಡುಗಿ ಮತ್ತೆ ಬರಬೇಕೇ! ತಪ್ಪಾಗಿ ಬಿಟ್ಟು ಹೋದ ಮನೆಗಳಿಗೆ ಎರಡನೇ ಪಟ್ಟಿಯಂತೆ. ಬಣ್ಣ ಸಿಗಲಿಕ್ಕೆ ಇದೇ ಕೊನೆಯ ಅವಕಾಶವಂತೆ. ನಾನೇ ಹೋಗಿ ಅರ್ಜಿ ಕೊಟ್ಟು ಬಂದಿದ್ದೆ, ಮರೆತೇ ಹೋಗಿತ್ತು. ಹುಡುಗಿ ಈ ಸಲ ಮಿಷನ್ ನಿಲ್ಲಿಸಲು ಹೇಳಿ, ಹತ್ತಿರ ಬಂದು, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: “ತಾತಾ. ಬಾಗಾ ವಿನು. ಮೀ ಇಲ್ಲು ವೇಡಿಯಾ? ಚಲುವಾ?”

ಚೆನ್ನಾಗಿ ಕೇಳಿಸಿಕೊಂಡು ಹೇಳಬೇಕಂತೆ, ಮನೆ ಬಿಸಿಯೋ, ತಂಪೋ. ಬಿಸಿ ಅಂದರೆ ಬಣ್ಣ ಬರುತ್ತದೆ, ಕೂಸು ಹೋಗುತ್ತದೆ. ತಂಪು ಅಂದರೆ ಕೂಸು ಉಳಿಯುತ್ತದೆ, ಬಣ್ಣ ಹೋಗುತ್ತದೆ. ಬೀಗಿತ್ತಿಯವರಿಗೂ ತೆಲುಗು ಚೆನ್ನಾಗಿಯೇ ಬರುತ್ತದೆ. ಮಗುವನ್ನು ತಟ್ಟುವುದು ನಿಲ್ಲಿಸಿ, ಕಿವಿ ಇತ್ತ ಕೊಟ್ಟು ಕೂತಿದ್ದರು. ಹನುಮಂತಪ್ಪ ತಾರಸಿ ಮೇಲಿಂದಲೇ, “ವೇಡಿ ಅನ್ನಲೋ, ವೇಡಿ ಅನ್ನು!” ಅಂತ ಸನ್ನೆ ಮಾಡುತ್ತಿದ್ದ.

ನಾನು ಬೀಗಿತ್ತಿಯ ಮಡಿಲ ಕಡೆ ಕೈ ತೋರಿಸಿ, ಗಟ್ಟಿಯಾಗಿ, “ಚೆಲುವೆ!” ಅಂದೆ.

ಹುಡುಗಿ ಉಸಿರು ಬಿಟ್ಟು ಬರೆದುಕೊಂಡಳು. ಪುಟ್ಟತಾಯಮ್ಮನವರು, “ಆಗ್ಲಿ ಬಿಡಣ್ಣ, ಐದ್ ತಿಂಗ್ಳು ಇಲ್ಲೇ ಇರ್ಲಿ” ಅಂದರು. ಆಮೇಲೆ ನೆಲದ ಮೇಲೆ ಸೆರಗು ಹಾಸಿ, “ನಾನೂ ಒಂದ್ ವಾರ ಇದ್ದೋಯ್ತೀನಿ, ಇಲ್ಲಿ ತಣ್ಣಗೈತೆ” ಅಂತ ಮಲಗಿದರು. ಅದು ನನ್ನ ಜಾಗ. ಹಾಗಾಗಿ ಇದನ್ನು ನಾನು ತಗಡಿನ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದದ ಮೇಲೆ ಬೆವರು ತೊಟ್ಟಿಕ್ಕುತ್ತಿದೆ. ನಾಲ್ಕು ಗಂಟೆಗೆ ಮನೆಯ ಪ್ಯಾಂಟಿಗೆ ನೀರು ಹಾಕಲು ಏಣಿ ಹತ್ತಬೇಕು. ಮೊದಲನೇ ಸಲ ನಾನು ಆ ಮಾತು ಹೇಳಿದ್ದು ತಿಳಿಯದೆ, ಎರಡನೇ ಸಲ ಹೇಳಿದ್ದು ತಿಳಿದೂ ತಿಳಿದೂ. ಹುಡುಗಿಯ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಥರ ಇವೆ. ಎತ್ವ ಇಲ್ಲ.