ಬಾಯಲ್ಲಿ ಹತ್ತಿ ಇದ್ದಾಗ ಪಡೆದ ಒಪ್ಪಿಗೆ

ಇಂದ:
ಡಾಕ್ಟರಮ್ಮನ ಗಂಡ ಹಾಗೂ ಅವರ ಹಲ್ಲಿನ ಕ್ಲಿನಿಕ್ಕಿನ ಸಹಾಯಕ,
ಸದ್ಯದ ವಾಸ: ರೋಗಿಗಳು ಕಾಯುವ ಕೋಣೆಯ ಬೆಂಚು

ಗೆ:
ಡಾಕ್ಟರಮ್ಮನವರು,
ಅದೇ ಕ್ಲಿನಿಕ್ಕಿನ ಮೇಲಿನ ಮನೆ

ವಿಷಯ: ಅಮೆರಿಕದ ಹಳೆಯ "ಸೋಲ್" ಸಂಗೀತದ ಸರ್ವಶ್ರೇಷ್ಠ ಹಾಡು ಯಾವುದೆಂಬ ತಕರಾರಿನಿಂದ ನಿಂತುಹೋದ ಮಾತುಕತೆಯನ್ನು ಪುನರಾರಂಭಿಸುವ ಕುರಿತು.

ಉಲ್ಲೇಖ: "ನಿಮ್ಮ ದಿಂಬು ತಗೊಂಡು ಕೆಳಗೆ ಹೋಗಿ" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರ್ಜಿದಾರನು ಬೆನ್ನು ನೋಯುತ್ತಿದ್ದರೂ ನೆಟ್ಟಗೆ ಕುಳಿತು ವಿನಂತಿಸಿಕೊಳ್ಳುವುದೇನೆಂದರೆ:

೧. ಎದೆ ಬಿರಿಯುವಂತೆ ಹಾಡುವ ಆ ಹಳೆಯ ಸೋಲ್ ಹಾಡುಗಳನ್ನು ಕ್ಲಿನಿಕ್ಕಿನಲ್ಲಿ ಹಾಕುವ ಪದ್ಧತಿ ತಮ್ಮದೇ. ಕೊರೆಯುವ ಯಂತ್ರದ ಸದ್ದು ರೋಗಿಯ ಕಿವಿಗೆ ಬೀಳದಿರಲಿ ಎಂಬುದು ಉದ್ದೇಶ. ಇವುಗಳಲ್ಲಿ ಆರ್ಗನ್ ವಾದ್ಯದ ನಿಧಾನವಾದ ಹಾಡೇ ಮೊದಲನೆಯದೆಂದು ತಾವೂ, ಕಹಳೆಯಿಂದ ಶುರುವಾಗುವ ಹಾಡೇ ಮೊದಲನೆಯದೆಂದು ಅರ್ಜಿದಾರನೂ ಪಟ್ಟು ಹಿಡಿದಿರುವುದು ಬೀದಿಗೆಲ್ಲ ಗೊತ್ತು.

೨. ತೀರ್ಪು ರೋಗಿಗಳದ್ದು ಎಂದು ಒಪ್ಪಂದವಾಯಿತು. ಆದರೆ ತಾವು ರೋಗಿಯ ಬಾಯಿಗೆ ಹತ್ತಿ ತುರುಕಿದ ಮೇಲಷ್ಟೇ, "ಆರ್ಗನ್ ಹಾಡೇ ಫಸ್ಟು. ಆಕ್ಷೇಪ ಇದ್ರೆ ಹೇಳಿ" ಎನ್ನುತ್ತಿದ್ದಿರಿ. ಯಾರೂ ಹೇಳಲಿಲ್ಲ. ಆದ್ದರಿಂದ ತಾವು ಗೆಲ್ಲುತ್ತಲೇ ಹೋದಿರಿ. ಉಗುಳು ಹೀರುವ ಕೊಳವೆ ಹಿಡಿದು ನಿಂತ ಅರ್ಜಿದಾರನ ಹೊಟ್ಟೆ ಉರಿಯುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

೩. ಹೀಗಿರುವಾಗ ನಿವೃತ್ತ ಬಸ್ ಡ್ರೈವರೊಬ್ಬರು ಕುರ್ಚಿಯಲ್ಲಿ ಮಲಗಿ, ಬಾಯ್ತುಂಬ ಹತ್ತಿ ಇಟ್ಟುಕೊಂಡು, ಎಡಗೆನ್ನೆ ತಟ್ಟತೊಡಗಿದರು. ತಾಳ ಹಾಕುತ್ತಿದ್ದಾರೆಂದು ತಾವು ಹಿಗ್ಗಿದಿರಿ. ತಾಳ ತಪ್ಪುತ್ತಿದೆಯೆಂದು ಅರ್ಜಿದಾರನು ವಾದಿಸಿದನು. ಹತ್ತಿ ತೆಗೆದ ಮೇಲೆ ಅವರು, "ಡಾಕ್ಟ್ರಮ್ಮ, ಹಾಡು ಯಾವ್ದಾದ್ರೂ ಆಗ್ಲಿ. ನೋವಿರೋದು ಎಡಗಡೆ. ನೀವು ಸೂಜಿ ಹಾಕಿರೋದು ಬಲಗಡೆ" ಎಂದರು.

೪. ಕಾರಣ, ಸಿಕ್ಕಿದ್ದೇ ಸಮಯವೆಂದು ಅರ್ಜಿದಾರನು, "ಬಾಯಲ್ಲಿ ಹತ್ತಿ ಇದ್ದಾಗ ಸಿಕ್ಕಿದ ಒಪ್ಪಿಗೆ ಒಂದೂ ಲೆಕ್ಕಕ್ಕಿಲ್ಲ" ಎಂದು ಘೋಷಿಸಿದನು. ತಾವು ಕೈಗವಸು ಕಳಚಿ, ಮೆಲ್ಲಗೆ, "ಹಂಗಾದ್ರೆ ನಿಮ್ದೂ ಲೆಕ್ಕಕ್ಕಿಲ್ಲ ಬಿಡಿ" ಎಂದಿರಿ.

೫. ವರ್ಷಗಳ ಹಿಂದೆ ಅರ್ಜಿದಾರನು ಹುಳುಕು ದವಡೆಹಲ್ಲಿನ ರೋಗಿಯಾಗಿ ಅದೇ ಕುರ್ಚಿಯಲ್ಲಿ ಮಲಗಿದ್ದಾಗ ತಾವು ಅವನ ಬಾಯಿಗೆ ಹತ್ತಿ ಇಟ್ಟು, ಮುಖ ಆಚೆ ತಿರುಗಿಸಿ, "ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದೀನಿ. ಆಕ್ಷೇಪ ಇದ್ರೆ ಹೇಳಿ" ಎಂದಿದ್ದಿರಿ. ಅವನು ಹೇಳಲಿಲ್ಲ. ಸಂಸಾರ ನಡೆದದ್ದೇ ಅದರ ಮೇಲೆ. ಆ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ. ಆಗ ಹಿಂದುಗಡೆ ಆರ್ಗನ್ ಹಾಡು ಮುಗಿಯುತ್ತಾ ಬಂದಿತ್ತು ಎಂಬುದು ಮಾತ್ರ ಈ ಮಂಕನಿಗೆ ಬೆಂಚಿನ ಮೇಲೆ ಮಲಗಿದಾಗ ಹೊಳೆಯಿತು. ಹೊಳೆದ ಕೂಡಲೇ ಎದ್ದು ಈ ಅರ್ಜಿ ಬರೆಯಲು ಕುಳಿತನು.

೬. ಈಗ ತಾವು ಅವನೊಂದಿಗೆ ಆಡುವುದು "ಹತ್ತಿ", "ಕನ್ನಡಿ", "ಮುಂದಿನವ್ರು", ಇಷ್ಟೇ. ಹಾಡೂ ಬಂದ್. ಯಂತ್ರದ ಸದ್ದಿಗೆ ರೋಗಿಗಳು ಹೆದರುತ್ತಿದ್ದಾರೆ. ತಮ್ಮ ಮೌನಕ್ಕೆ ಅರ್ಜಿದಾರನೂ ಹೆದರಿದ್ದಾನೆ.

ಆದ್ದರಿಂದ, ಹಾಡಿನ ವಿಚಾರದಲ್ಲಿ ಅರ್ಜಿದಾರನ ನಿಲುವು ಬದಲಾಗಿಲ್ಲ, ಕಹಳೆಯದೇ ಮೊದಲು. ಆದರೆ ಅಂದಿನ ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು ತಾವು ಭಾವಿಸಿರುವ ಕಾರಣ, ದಯವಿಟ್ಟು ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕೆಂದು ಪ್ರಾರ್ಥನೆ. ಈ ಸಲ ಹತ್ತಿ ಬೇಡ.

ತಮ್ಮ ವಿಶ್ವಾಸಿ,
(ಸಹಿ)
ಹಲ್ಲು ಕೆಟ್ಟಿದ್ದಕ್ಕೆ ಸಂಸಾರ ಕಟ್ಟಿಕೊಂಡವನು

ಲಗತ್ತುಗಳು:
೧. ದಿಂಬು (ಮೇಲಿನ ಮನೆಗೆ ವಾಪಸಾತಿಗಾಗಿ)
೨. ಆರ್ಗನ್ ಹಾಡಿನ ರೆಕಾರ್ಡು, ಧೂಳು ಒರೆಸಿದ್ದು

ವಿಶೇಷ ಸೂಚನೆ: ನಾಳೆ ಡ್ರೈವರು ಎಡಗಡೆಯ ಹಲ್ಲಿಗೆ ಬರುತ್ತಾರೆ. ಅಷ್ಟರೊಳಗೆ ಆದೇಶವಾದರೆ ಹಾಡು ಹಾಕಲು ಅನುಕೂಲ. ಮೊದಲು ತಮ್ಮದನ್ನೇ ಹಾಕಬಹುದು. ಬಾಯಿ ಖಾಲಿ ಇರುವಾಗಲೇ ಅರ್ಜಿದಾರನು ತಿಳಿಸುತ್ತಿದ್ದಾನೆ: ಆಕ್ಷೇಪವಿಲ್ಲ.