ಅಲ್ಲಲ್ಲಿ ಮಳೆ, ಎಲ್ಲೆಲ್ಲೂ ಫೋನು

ನನ್ನ ಕೆಲಸದಲ್ಲಿ ನಗು ಬರುವುದು ಯಾವಾಗಲೂ ಎರಡು ದಿನ ತಡವಾಗಿ. ಆವತ್ತಿಗೆ ಬರುವುದು ಎದೆ ಡವಡವ ಒಂದೇ. ಶಿಕಾರಿಪುರದ ಒಂದು ಸಣ್ಣ ಕಚೇರಿಯಲ್ಲಿ ಕೂತು, ಮೇಲಿನ ಕಚೇರಿಯಿಂದ ಬರುವ ಹವಾಮಾನ ಮುನ್ಸೂಚನೆಯನ್ನು ತಿಳಿಯುವ ಕನ್ನಡದಲ್ಲಿ ಬರೆದು, ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ರೈತರ ವಾಟ್ಸಾಪ್ ಗುಂಪುಗಳಿಗೆ ಕಳಿಸುವವನು ನಾನು. ಸಂದೇಶದ ಕೆಳಗೆ ನನ್ನ ಫೋನ್ ನಂಬರ್ ಇರುತ್ತದೆ. ಹಾಗಾಗಿ ಮಳೆ ಸುರಿಸುವವನು ಮೇಲಿದ್ದರೂ ಬೈಸಿಕೊಳ್ಳುವವನು ಮಾತ್ರ ಶಿಕಾರಿಪುರದಲ್ಲಿದ್ದಾನೆ.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಸೋಮವಾರ ಬೆಳಿಗ್ಗೆ ವಾರದ ಮುನ್ಸೂಚನೆ ತೆಗೆದು ನೋಡಿದವನಿಗೆ ಕೈಯಲ್ಲಿದ್ದ ಟೀ ಕುಡಿಯುವುದೇ ಮರೆತುಹೋಯಿತು. ದಿನಾ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಬಿರುಗಾಳಿ. ಕೆಲವು ಕಡೆ ಆಲಿಕಲ್ಲು. ಗದ್ದೆಯಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ಬಂದಿದೆ, ಕಣದಲ್ಲಿ ಮೆಕ್ಕೆಜೋಳ ಹರಡಿದೆ, ಮದುವೆಗಳ ಕಾಲ ಬೇರೆ.

೧. ಎಲ್ಲಿ ರೀ?

‘ಎರಡೂ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆ’ ಎಂದು ಕಳಿಸಿ ಐದು ನಿಮಿಷ ಆಗಿರಲಿಲ್ಲ, ಸೊರಬ ತಾಲ್ಲೂಕಿನ ಜಡೆ ಊರಿನ ಕಡೆಯ ರೈತರೊಬ್ಬರ ಫೋನು.

“ಅಲ್ಲಲ್ಲಿ ಅಂದ್ರೆ ಎಲ್ಲಿ ರೀ?”

“ಅದನ್ನ ಹಾಗೆ ಊರು ಹಿಡಿದು ಹೇಳಕ್ಕಾಗಲ್ಲ ಯಜಮಾನ್ರೆ. ಕೆಲವು ಕಡೆ ಬರ್ತದೆ, ಕೆಲವು ಕಡೆ ಬರಲ್ಲ.”

“ಅಷ್ಟು ನಂಗೂ ಗೊತ್ತು. ಭತ್ತ ಕೊಯ್ದು ಗದ್ದೇಲಿ ಬಿಟ್ಟಿದೀನಿ, ಮೂರು ದಿನದಿಂದ ನಿದ್ದೆ ಇಲ್ಲ. ಸೊರಬಕ್ಕೆ ಬರ್ತದೋ, ಶಿಕಾರಿಪುರಕ್ಕೆ ಬರ್ತದೋ, ಅಷ್ಟಾದ್ರೂ ಹೇಳಿ.”

“ಎರಡೂ ಕಡೆ ಬರಬಹುದು. ನೀವು ಇವತ್ತೇ ಭತ್ತ ಸಾಗಿಸಿ ಟಾರ್ಪಾಲು ಮುಚ್ಚಿಬಿಡಿ.”

ಅವರು ದನಿ ತಗ್ಗಿಸಿ ಅಂದರು: “ನಂಗೆ ಗದ್ದೆ ಇರೋದು ಸೊರಬದಲ್ಲಿ, ಬೀಗರು ಇರೋದು ಶಿಕಾರಿಪುರದಲ್ಲಿ. ನಿಮ್ಮ ಕೈಲಿ ಏನಾದ್ರೂ ಇದ್ರೆ, ಬೀಗರ ಕಡೆಗೇ ಸ್ವಲ್ಪ ತಿರುಗಿಸಿ ಮಾರಾಯ್ರೆ.”

೨. ತಂಗಿಗೂ ಒಂದು ಮಾತು

ಮಂಗಳವಾರ ಮಧ್ಯಾಹ್ನ ಉತ್ತರದ ಕಡೆ ಆಕಾಶ ಮಸಿ ಬಳಿದ ಹಾಗಾಯಿತು. ಓದಲು ಬಾರದವರಿಗೂ ತಲುಪಲಿ ಎಂದು ಧ್ವನಿ ಸಂದೇಶವನ್ನೇ ಮಾಡಿ ಕಳಿಸಿದೆ: ಮರದ ಕೆಳಗೆ ನಿಲ್ಲಬೇಡಿ, ಬಯಲಲ್ಲಿರುವವರು ಮನೆಯೊಳಗೆ ಹೋಗಿ, ಮೊಬೈಲ್ ಬಳಸಬೇಡಿ.

ಸಂದೇಶ ಹೋಗಿದ್ದೇ ತಡ, ಬಂದಳಿಕೆ ಊರಿನ ಕಡೆಯಿಂದ ಒಬ್ಬ ಹೆಂಗಸಿನ ಫೋನು. ಹಿಂದೆ ಗುಡುಗು ಸ್ಪಷ್ಟವಾಗಿ ಕೇಳಿಸುತ್ತಿದೆ.

“ಸಾಹೇಬ್ರ, ಮೊಬೈಲ್ ಮುಟ್ಟಬ್ಯಾಡ್ರಿ ಅಂದೀರಲ್ಲ, ಅದು ಇವತ್ತಿಂದನೋ, ನಾಳಿಂದನೋ?”

“ಅಮ್ಮಾ, ಈಗಿಂದಲೇ! ಎಲ್ಲಿದೀರಿ ನೀವು?”

“ಹೊಲದಾಗ. ಹುಣಸೀ ಮರದ ಬುಡಕ್ಕ.”

“ಅಯ್ಯೋ, ಮೊದಲು ಅಲ್ಲಿಂದ ಹೊರಡಿ! ಹತ್ತಿರ ಮನೆ ಇದೆಯಾ?”

“ಇಲ್ಲೇ ಐತ್ರಿ, ನಮ್ಮದೇ.”

“ಹಾಗಿದ್ರೆ ಫೋನ್ ಇಟ್ಟು ಓಡಿ!”

“ಹೊಂಟೆ, ಹೊಂಟೆ. ಒಂದ್ ನಿಮಿಷ ತಡೀರಿ, ಬಾಜೂಕ್ ನಮ್ಮ ತಂಗಿ ಅದಾಳ. ನಾ ಹೇಳಿದ್ರ ಕೇಳಂಗಿಲ್ಲ. ಆಕೀಗೂ ನೀವಾ ಒಂದ್ ಮಾತು ಹೇಳಿಬಿಡ್ರಿ.”

ನಾನೇ ಫೋನ್ ಇಟ್ಟುಬಿಟ್ಟೆ. ಆಮೇಲೆ ಒಂದು ಗಂಟೆ ನಾನು ಪಟ್ಟ ಪಾಡು ಯಾರಿಗೂ ಬೇಡ. ತಿರುಗಿ ಫೋನ್ ಮಾಡೋಣವೆಂದರೆ ಮಿಂಚು, ಬಿಡೋಣವೆಂದರೆ ಭಯ. ಮಳೆ ನಿಂತ ಮೇಲೆ ಆಕೆಯೇ ಮಾಡಿದರು. ಅಕ್ಕತಂಗಿ ಇಬ್ಬರೂ ಕ್ಷೇಮ. ಆದರೆ ದನಿಯಲ್ಲಿ ಬೇಜಾರಿತ್ತು: “ಮಾತಾಡೂಮುಂದ ಹಂಗ ಫೋನ್ ಇಡಬಾರದ್ರಿ ಸಾಹೇಬ್ರ. ತಂಗಿ ಭಾಳ ಮನಸ್ಸಿಗೆ ಹಚ್ಚಿಕೊಂಡಾಳ.”

೩. ಮೇಷ್ಟ್ರ ಮಳೆ

ಅಂಬ್ಲಿಗೊಳ ಅಣೆಕಟ್ಟೆಯ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರ ಹಿತ್ತಲಲ್ಲಿ ನಮ್ಮದೊಂದು ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಅಳೆದು, ಚೀಟಿಯಲ್ಲಿ ಬರೆದು, ಅದರ ಫೋಟೋ ಕಳಿಸುತ್ತಾರೆ. ಅಕ್ಷರ ಎಷ್ಟು ದುಂಡಗೋ ಲೆಕ್ಕ ಅಷ್ಟೇ ಕರಾರುವಾಕ್ಕು. ಗುರುವಾರ ಅವರು ಕಳಿಸಿದ ಅಂಕಿ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಷ್ಟು ಮಳೆಯನ್ನು ನಾವು ಕಾಣುವುದು ಜುಲೈಯಲ್ಲಿ.

ಅಣೆಕಟ್ಟೆಯ ಕೆಳಗಿನ ಗದ್ದೆಗಳಲ್ಲಿ ಕೊಯ್ದ ಭತ್ತವಿದೆಯಲ್ಲ! ಅಲ್ಲಿನ ರೈತರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಎಲ್ಲರೂ ಒಂದೇ ಮಾತು: “ಒಂದು ಹನಿ ಬಿದ್ದಿಲ್ಲ ರೀ.” ಕೊನೆಗೆ ಮೇಷ್ಟ್ರಿಗೇ ಮಾಡಿದೆ.

“ಸಾರ್, ನಿಮ್ಮಲ್ಲಿ ಗುಡುಗಿತ್ತಾ?”

“ಇಲ್ಲ.”

“ಗಾಳಿ?”

“ಎಲೆ ಅಲ್ಲಾಡಿಲ್ಲ.”

“ಹಾಗಾದ್ರೆ ಅಷ್ಟು ನೀರು ಎಲ್ಲಿಂದ ಬಂತು ಸಾರ್?”

“ನಮ್ಮನೆಯವರು ಮಲ್ಲಿಗೆ ಬಳ್ಳಿಗೆ ಪೈಪ್ ಹಿಡಿದಿದ್ರು. ಮಾಪಕದೊಳಗೂ ಬಿತ್ತು.”

“ಅದನ್ನ ಮೊದಲೇ ಹೇಳಬಾರದಾ ಸಾರ್!”

ಮೇಷ್ಟ್ರು ತರಗತಿಯ ದನಿಯಲ್ಲೇ ಉತ್ತರಿಸಿದರು: “ನೀವು ಕೇಳಿದ ಪ್ರಶ್ನೆ, ಎಷ್ಟು ಮಿಲಿಮೀಟರ್ ಅಂತ. ಸುರಿಸಿದ್ದು ಯಾರು ಅಂತ ಪ್ರಶ್ನೆ ಇರಲಿಲ್ಲ.”

೪. ಮೋಡ ಚೆನ್ನಾಗಿ ಬಂದಿದೆ

ಶುಕ್ರವಾರ ಸೊರಬದ ಕಡೆ ಒಂದು ಮದುವೆ. ಮದುಮಗಳ ಅಪ್ಪ ನಮ್ಮ ಗುಂಪಿನಲ್ಲಿರುವ ರೈತರು. ನನಗೆ ಲಗ್ನಪತ್ರಿಕೆ ಕೊಟ್ಟದ್ದು ಬರೀ ಪ್ರೀತಿಗಲ್ಲ. “ನೀವೊಬ್ರು ಪೆಂಡಾಲಲ್ಲಿದ್ರೆ ನಮಗೆ ಧೈರ್ಯ ಸಾರ್” ಎಂದಿದ್ದರು. ನನಗೆ ಯಾರು ಧೈರ್ಯ ಹೇಳಬೇಕೆಂದು ಅವರು ಯೋಚಿಸಿದಂತಿರಲಿಲ್ಲ.

ಮುಹೂರ್ತ ಸುಸೂತ್ರವಾಗಿ ಮುಗಿಯಿತು. ಎರಡನೇ ಪಂಕ್ತಿ ಊಟಕ್ಕೆ ಕೂತಾಗ ಫೋನು ಗುಂಯ್ ಎಂದಿತು. ಮೇಲಿನ ಕಚೇರಿಯ ಎಚ್ಚರಿಕೆ: ಇನ್ನೊಂದು ಗಂಟೆಯೊಳಗೆ ಜೋರು ಬಿರುಗಾಳಿ. ತಲೆ ಎತ್ತಿ ನೋಡಿದೆ; ಪೆಂಡಾಲಿಗೆ ಹೊದಿಸಿದ್ದು ಪೂರಾ ತಗಡು. ಬೀಗುತ್ತಾ ನಿಂತಿದ್ದ ಮದುಮಗಳ ಅಪ್ಪನ ಬಳಿ ಓಡಿದೆ.

“ಎಲ್ಲರನ್ನೂ ಪಕ್ಕದ ಶಾಲೆ ಕಟ್ಟಡಕ್ಕೆ ಕಳಿಸಿ. ಈಗಲೇ.”

ಅವರು ಊಟದ ಸಾಲಿನ ಕಡೆ ತಿರುಗಿ ನೋಡಿದರು. “ಪಂಕ್ತೀಲಿ ಗಂಡಿನ ಕಡೆಯವ್ರೇ ಕೂತಿದಾರೆ ಸಾರ್. ಅರ್ಧ ಊಟದಲ್ಲಿ ಏಳಿ ಅಂತ ನಾನು ಹ್ಯಾಗೆ ಹೇಳಲಿ?”

ನಾನೇ ಮೈಕ್ ಹಿಡಿದೆ. “ದಯವಿಟ್ಟು ಎಲ್ಲರೂ ಗಮನಿಸಿ, ಬಿರುಗಾಳಿ ಬರುತ್ತಿದೆ...” ಒಬ್ಬರೂ ಅಲುಗಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಮಾತ್ರ ನನ್ನ ಕಡೆ ಕೈ ಎತ್ತಿ, “ಹೇಳೋದು ಮುಗೀತಾ? ಹಾಗೇ ಈ ಕಡೆ ಸ್ವಲ್ಪ ತುಪ್ಪ ಕಳಿಸಿ” ಎಂದರು.

ಕಾಪಾಡಿದವರು ಅಡುಗೆಯವರು. ಮಾತಿಲ್ಲದೆ ಹೋಳಿಗೆ ಬುಟ್ಟಿ ಎತ್ತಿಕೊಂಡು ಶಾಲೆಯ ಕಡೆ ನಡೆದರು. ಐದು ನಿಮಿಷದಲ್ಲಿ ಪೆಂಡಾಲು ಖಾಲಿ. ಜನ ಎಲೆ ಸಮೇತ ಅವರ ಹಿಂದೆ.

ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಮದುಮಗಳ ಅಮ್ಮ ಕೂಗಿಕೊಂಡರು: “ಹುಡುಗಿ ಎಲ್ಲಿ? ಅಳಿಯಂದಿರು ಎಲ್ಲಿ?”

ಇಬ್ಬರೂ ಇಲ್ಲ. ಗಾಳಿ ಆಗಲೇ ಎದ್ದಿತ್ತು. ಕೆರೆ ಕಡೆ ಹೋದರೆಂದು ಯಾರೋ ಹೇಳಿದ್ದೇ, ನಾನೂ ಮದುಮಗಳ ಅಪ್ಪನೂ ಚಪ್ಪಲಿ ಬಿಟ್ಟು ಓಡಿದೆವು. ನೋಡಿದರೆ ಕೆರೆ ಏರಿಯ ಮೇಲೆ ಮದುಮಕ್ಕಳು ಕೈ ಕೈ ಹಿಡಿದು ನಿಂತಿದ್ದಾರೆ. ಬೆನ್ನ ಹಿಂದೆ ಕಾಡಿಗೆಯಂಥ ಮೋಡ, ಅದರೊಳಗೆ ಸರಸರ ಮಿಂಚು. ಎದುರಿಗೆ ಫೋಟೋಗ್ರಾಫರ್ ಒಂದು ಕಣ್ಣು ಮುಚ್ಚಿ, “ಇಬ್ರೂ ಸ್ವಲ್ಪ ನಗಿ” ಅನ್ನುತ್ತಿದ್ದಾನೆ.

ಅಪ್ಪ ಮಗಳ ಕೈ ಹಿಡಿದರು, ನಾನು ಅಳಿಯನ ಶಲ್ಯ ಹಿಡಿದೆ. ಶಾಲೆಯ ಮೆಟ್ಟಿಲು ಹತ್ತುವುದಕ್ಕೂ, ಹಿಂದೆ ದಡಾರ್ ಅನ್ನುವುದಕ್ಕೂ ಸರಿಹೋಯಿತು. ಪೆಂಡಾಲಿನ ತಗಡುಗಳು ಎದ್ದು, ಎರಡನೇ ಪಂಕ್ತಿ ಕೂತಿದ್ದ ಜಾಗಕ್ಕೇ ಬಂದು ಬಿದ್ದವು. ತುಪ್ಪ ಕೇಳಿದ್ದ ಹಿರಿಯರು ನನ್ನತ್ತ ನೋಡಿ ಸುಮ್ಮನೆ ಕೈ ಮುಗಿದರು.

ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಫೋಟೋಗ್ರಾಫರನ ಮೇಲೆ ತಿರುಗಿತು. “ತಲೆ ನೆಟ್ಟಗಿದೆಯಾ ನಿಂಗೆ? ಸಿಡಿಲು ಹೊಡೆಯೋ ಹೊತ್ತಲ್ಲಿ ಮದುಮಕ್ಕಳನ್ನ ಕೆರೆ ಏರಿ ಮೇಲೆ ನಿಲ್ಲಿಸ್ತೀಯಾ? ಬೆಳಿಗ್ಗೆ ನಾನು ಗುಂಪಿಗೆ ಕಳಿಸಿದ ಮೆಸೇಜ್ ನೋಡಿಲ್ವಾ?”

ಅವನು ಕ್ಯಾಮೆರಾದ ಮೇಲಿನ ನೀರು ಒರೆಸುತ್ತಾ, ಬಹಳ ಗೌರವದಿಂದ ಹೇಳಿದ: “ನೋಡದೆ ಏನು ಸಾರ್? ‘ಮಧ್ಯಾಹ್ನ ಎರಡರ ನಂತರ ದಟ್ಟ ಮೋಡ, ಮಿಂಚು’ ಅಂತ ಬರೆದಿದ್ರಲ್ಲ, ಅದನ್ನ ನಂಬಿಯೇ ಟೈಮ್ ಇಟ್ಟುಕೊಂಡೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ ಸಾರ್. ಅದಕ್ಕೆ ಕಾಮನಬಿಲ್ಲು ಬೇಕಿತ್ತು.”