ಹಾಜರಿ ತಪ್ಪದ ಟೆಸ್ಟಪ್ಪನ ಮಗ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಅಂತ ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಹಾಸನದಲ್ಲಿ ಕೂತು ವೆಬ್‌ಸೈಟ್ ಮಾಡಿದವರಂತೂ ಆಗಿರಲಾರರು. ನಾನು ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ. ಎಡವಟ್ಟುಗಳನ್ನು ನಾವೇನೂ ಹುಡುಕಿಕೊಂಡು ಹೋಗುತ್ತಿರಲಿಲ್ಲ, ಅವೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತಿದ್ದವು.

ಎರಡು ಸಾವಿರದ ಏಳು, ಎಂಟನೇ ಇಸವಿಯ ಮಾತು. ಒಂದು ಪಾತ್ರೆ ಅಂಗಡಿಯ ಮೇಲಿನ ರೂಮು, ಎರಡು ಕಂಪ್ಯೂಟರ್, ಇಬ್ಬರು ಜನ. ಒಬ್ಬ ನಾನು. ಇನ್ನೊಬ್ಬ ನನ್ನ ಜೊತೆ ಓದಿದ ಗೆಳೆಯ, ಈಗ ಪಾಲುದಾರ. ಬೆಳಿಗ್ಗೆ ತನ್ನೂರು ದುದ್ದದಲ್ಲಿ ಡೈರಿಗೆ ಹಾಲು ಹಾಕಿ, ಅದೇ ಮೊಪೆಡ್ಡಿನಲ್ಲಿ ಕ್ಯಾನಿನ ಸಮೇತ ಅಂಗಡಿಗೆ ಬರುತ್ತಿದ್ದ.

ನಮ್ಮಪ್ಪ ರಿಟೈರ್ಡ್ ಹೆಡ್‌ಮಾಸ್ಟರು. ಅವರ ಪ್ರಕಾರ ನಾವು ಮಾಡುತ್ತಿದ್ದದ್ದು ಕೆಲಸವೇ ಅಲ್ಲ. ಹೊಳೆನರಸೀಪುರದ ಒಂದು ಕಾಲೇಜಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ನಮಗೆ ಸಿಕ್ಕಿದಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಒಂದು ವರ್ಷ ಟೈಮು ಕೊಡ್ತೀನಿ. ಆ ಪ್ರಿನ್ಸಿಪಾಲರು ‘ಕೆಲಸ ತೃಪ್ತಿಕರ’ ಅಂತ ಬರೆದು ಸಹಿ ಹಾಕಿಕೊಟ್ರೆ ನಿನ್ನ ಪಾಡಿಗೆ ನೀನಿರು. ಇಲ್ದಿದ್ರೆ ಬಾಯಿ ಮುಚ್ಕೊಂಡು ಬಿ.ಎಡ್.ಗೆ ಸೇರ್ಕೋ."

ಬಿ.ಎಡ್. ಎಂದರೆ ನನಗೆ ಮೈಯೆಲ್ಲ ಬೆವರು. ಹತ್ತು ಮಕ್ಕಳ ಎದುರು ನಿಂತರೂ ನನ್ನ ನಾಲಿಗೆ ಒಣಗುತ್ತದೆ. ಹಾಗಾಗಿ ಆ ವರ್ಷವೆಲ್ಲ ನಾನು ಬದುಕಿದ್ದು ಆ ಒಂದು ಸಹಿಗಾಗಿ.

ಸುಲಿದು ಕೊಡಬೇಕೋ, ಹಾಗೇ ಬೇಕೋ?

ನಾವು ಪ್ರತಿ ವೆಬ್‌ಸೈಟನ್ನೂ ಮೊದಲಿಂದ ಬರೆಯುತ್ತಿರಲಿಲ್ಲ. ಅಷ್ಟು ತಾಳ್ಮೆ ಯಾರಿಗಿದೆ? ಲಾಗಿನ್, ಅರ್ಜಿ ತುಂಬುವ ಪುಟ, ಹುಡುಕುವ ಪುಟ, ಹೀಗೆ ಎಲ್ಲರಿಗೂ ಬೇಕಾದ್ದನ್ನು ಒಂದು ಸಲ ಮಾಡಿಟ್ಟುಕೊಂಡಿದ್ದೆವು. ಅದಕ್ಕೆ ನಮ್ಮ ಗೆಳೆಯ ಇಟ್ಟ ಹೆಸರು ‘ಅಚ್ಚು’. ಆಲೆಮನೆಯಲ್ಲಿ ಬೆಲ್ಲದ ಅಚ್ಚು ಇರುತ್ತದಲ್ಲ, ಹಾಗೆ. ಹೊಸ ಗಿರಾಕಿ ಬಂದರೆ ಅಚ್ಚನ್ನು ನಕಲು ಮಾಡಿ, ಹೆಸರು ಬದಲಾಯಿಸಿ, ಬಣ್ಣ ಬದಲಾಯಿಸಿ ಕೊಟ್ಟುಬಿಡುವುದು.

ಅಚ್ಚನ್ನು ಮೊದಲು ಮಾಡಿದ್ದು ಅರಕಲಗೂಡಿನ ಕಡೆಯ ಒಂದು ಕೋಳಿ ಫಾರಂಗೆ. ಆ ವೆಬ್‌ಸೈಟಿನಿಂದ ಒಂದು ಕೋಳಿಯೂ ಹೋಗಲಿಲ್ಲ, ಆ ಮಾತು ಬೇರೆ. ಎರಡನೆಯದು ಚನ್ನರಾಯಪಟ್ಟಣದ ಒಬ್ಬ ಹಲ್ಲಿನ ಡಾಕ್ಟರದು. ಹೆಸರು ಬದಲಾಯಿಸಿದೆವು, ಕೋಳಿ ಚಿತ್ರ ತೆಗೆದು ಹಲ್ಲಿನ ಚಿತ್ರ ಹಾಕಿದೆವು. ಅರ್ಜಿ ಕಳಿಸಿದ ಮೇಲೆ ಕಾಣುವ ಕೊನೆಯ ಪುಟವನ್ನು ಯಾರೂ ತೆರೆದು ನೋಡಲಿಲ್ಲ.

ನಾಲ್ಕನೇ ದಿನ ಡಾಕ್ಟರ ಫೋನು. ದನಿ ತಣ್ಣಗಿತ್ತು. "ಏನ್ರೀ, ನನ್ನ ಪೇಷಂಟ್ ಒಬ್ರು ದವಡೆ ಹಲ್ಲು ಕೀಳಿಸಬೇಕು ಅಂತ ನಿಮ್ಮ ವೆಬ್‌ಸೈಟಲ್ಲಿ ಟೈಮು ಕೇಳಿದ್ರಂತೆ. ಅದಕ್ಕೆ ಏನು ಉತ್ತರ ಬಂದಿದೆ ಗೊತ್ತಾ? ‘ನಿಮ್ಮ ಆರ್ಡರ್ ತಲುಪಿದೆ. ಚರ್ಮ ಸುಲಿದು ಕೊಡಬೇಕೋ, ಹಾಗೇ ಬೇಕೋ ತಿಳಿಸಿ.’"

ನಾನು ತಡವರಿಸಿ, "ಈಗಲೇ ಸರಿ ಮಾಡ್ತೀವಿ ಸಾರ್. ಪೇಷಂಟ್‌ಗೆ ನಮ್ಮ ಕಡೆಯಿಂದ ಕ್ಷಮೆ ಕೇಳಿ" ಎಂದೆ.

"ಎಲ್ಲಿ ಕೇಳೋದ್ರೀ? ಅವರು ನೋವಿದ್ರೂ ಪರವಾಗಿಲ್ಲ ಅಂತ ಊರು ಬಿಟ್ಟಿದ್ದಾರೆ."

ನೀವಿಬ್ಬರು ಯಾಕೆ?

ಆ ಫೋನು ಇಟ್ಟ ಮೇಲೆ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಅಚ್ಚಿನೊಳಗೇ ಪರೀಕ್ಷೆ ಮಾಡುವ ಒಂದು ಪ್ರೋಗ್ರಾಂ ಸೇರಿಸಿಬಿಡಬೇಕು. ಅದು ತಾನೇ ವೆಬ್‌ಸೈಟ್ ತೆರೆಯಬೇಕು, ತಾನೇ ಅರ್ಜಿ ತುಂಬಬೇಕು, ಎಲ್ಲ ಗುಂಡಿಯನ್ನೂ ಒತ್ತಬೇಕು, ಬಂದ ಉತ್ತರ ಸರಿಯಿದೆಯೇ ನೋಡಬೇಕು. ಸರಿಯಿದ್ದರೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು ಗೆರೆ. ಹೀಗೆ ಮಾಡಿದರೆ ಅಚ್ಚನ್ನು ಎಷ್ಟು ಸಲ ನಕಲು ಮಾಡಿದರೂ ಅದರ ಜೊತೆಗೇ ಒಬ್ಬ ಪರೀಕ್ಷಕನೂ ಹೋಗುತ್ತಾನೆ. ಒಂದು ತಿಂಗಳು ತಲೆ ಕೆರೆದುಕೊಂಡು ಅದನ್ನು ಮಾಡಿದೆವು.

ಮೊದಲ ಸಲ ಅದು ನೆಟ್ಟಗೆ ಓಡಿದ ದಿನ ಇಬ್ಬರೂ ಕುರ್ಚಿ ಹಿಂದಕ್ಕೆ ಸರಿಸಿ, ಕೈಕಟ್ಟಿ ಕೂತು ನೋಡುತ್ತಿದ್ದೆವು. ಅದೇ ಹೊತ್ತಿಗೆ ಕೆಳಗಿನ ಪಾತ್ರೆ ಅಂಗಡಿಯ ಸಾವ್ಕಾರರು, ಅಂದರೆ ನಮ್ಮ ಕಟ್ಟಡದ ಓನರು, ಮೇಲೆ ಬಂದರು. ಕೀಬೋರ್ಡ್ ಮುಟ್ಟುವವರಿಲ್ಲ, ಮೌಸ್ ಹಿಡಿದವರಿಲ್ಲ. ಪರದೆಯ ಮೇಲೆ ಅಕ್ಷರಗಳು ಪಟಪಟ ಬೀಳುತ್ತಿವೆ, ಪುಟಗಳು ತಾವೇ ಮಗುಚಿಕೊಳ್ಳುತ್ತಿವೆ. ಸಾವ್ಕಾರರು ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನ್ರಪ್ಪಾ ಇದು, ಯಾರು ಒತ್ತಾವ್ರೆ?"

ಗೆಳೆಯ ಹೆಮ್ಮೆಯಿಂದ ಹೇಳಿದ: "ಯಾರೂ ಇಲ್ಲ ಸಾ. ಅದೇ ಕೆಲ್ಸ ಮಾಡ್ತದೆ, ಸರಿಗದೋ ಇಲ್ವೋ ಅಂತ ಅದೇ ನೋಡ್ಕತದೆ."

ಸಾವ್ಕಾರರು ಸ್ವಲ್ಪ ಹೊತ್ತು ಪರದೆ ನೋಡಿದರು, ಆಮೇಲೆ ನಮ್ಮಿಬ್ಬರನ್ನೂ ನೋಡಿದರು. ವ್ಯಾಪಾರಸ್ಥರ ತಲೆ ಎಲ್ಲಿಗೆ ಓಡಬೇಕೋ ಅಲ್ಲಿಗೇ ಓಡಿತು. "ಅಂಗಾದ್ರೆ ನೀವಿಬ್ರು ಯಾಕೆ?"

ಗೆಳೆಯ ಒಂದು ಕ್ಷಣವೂ ತಡಮಾಡಲಿಲ್ಲ.

"ಕರೆಂಟ್ ಓದ್ರೆ ಯುಪಿಎಸ್ ಕುಯ್ಯೋ ಅಂತದಲ್ಲ ಸಾ, ಅದ್ನ ಆಫ್ ಮಾಡಾಕೆ."

ಎಲ್ಲಾ ಹಸಿರು

ಪರೀಕ್ಷೆ ಓಡಿದ್ದೇನೋ ಸರಿ, ಪಾಸಾಗಬೇಕಲ್ಲ? ಐವತ್ತು ಪರೀಕ್ಷೆ ಬರೆದಿದ್ದೆವು, ಹದಿನೆಂಟು ಕೆಂಪು. ಇವನ್ನೆಲ್ಲ ಸರಿಪಡಿಸು ಅಂತ ಗೆಳೆಯನಿಗೆ ಹೇಳಿ ನಾನು ಗಿರಾಕಿಯೊಬ್ಬರನ್ನು ನೋಡಲು ಹೋದೆ. ವಾಪಸ್ ಬರುವಷ್ಟರಲ್ಲಿ ಪರದೆಯ ಮೇಲೆ ಗದ್ದೆ ಬಯಲಿನ ಹಾಗೆ ಮೇಲಿಂದ ಕೆಳಗಿನವರೆಗೂ ಹಸಿರು.

"ಎಲ್ಲಾ ಪಾಸು ಕಣ್ಲಾ" ಎಂದ.

ಒಂದೇ ಮಧ್ಯಾಹ್ನದಲ್ಲಿ ಹದಿನೆಂಟು ತಪ್ಪು ತಿದ್ದಿದನಲ್ಲ, ಏನು ಬುದ್ಧಿವಂತ ಅಂತ ಬೆನ್ನು ತಟ್ಟಿದೆ. ಟೀ ತರಿಸಿದೆ. ಆಮೇಲೆ ಏನೋ ಅನುಮಾನ ಬಂದು ಎಣಿಸಿದೆ. ಇದ್ದದ್ದು ಮೂವತ್ತೆರಡೇ ಪರೀಕ್ಷೆ.

"ಮಿಕ್ಕಿದ್ದು ಎಲ್ಲೋ?"

"ಕೆಂಪು ಬತ್ತಿದ್ವಲ್ಲ, ಅವ್ನೆಲ್ಲ ತೆಗ್ದಾಕ್ಬುಟ್ಟೆ. ನೋಡಾಕೂ ಚೆಂದಾಗಿರ್ನಿಲ್ಲ."

ನನಗೆ ಬಂದ ಸಿಟ್ಟಿಗೆ ಟೀ ಲೋಟ ಅವನ ಕೈಯಿಂದ ಕಿತ್ತುಕೊಂಡೆ. ಸಂಜೆ ಮನೆಗೆ ಹೋಗಿ ಅಪ್ಪನ ಹತ್ತಿರವೂ ಹೇಳಿಕೊಂಡೆ. ಇಂಥ ಮೋಸ ಎಲ್ಲಾದರೂ ಉಂಟಾ, ಫೇಲಾದದ್ದನ್ನು ತೆಗೆದು ಬಿಸಾಕಿ ಎಲ್ಲಾ ಪಾಸು ಅನ್ನುವುದು? ಅಪ್ಪ ಪೇಪರಿನಿಂದ ತಲೆ ಎತ್ತಿ ಪ್ರಸನ್ನರಾಗಿ ನೋಡಿದರು. ನನ್ನ ಕೆಲಸ ಅವರಿಗೆ ಅರ್ಥವಾದದ್ದು ಅದೇ ಮೊದಲು.

"ಅದರಲ್ಲೇನಿದೆಯೋ? ನಮ್ಮ ಹೈಸ್ಕೂಲಲ್ಲಿ ನೂರಕ್ಕೆ ನೂರು ರಿಸಲ್ಟ್ ಹಾಗೇ ತರ್ತಿದ್ವಿ. ಫೇಲಾಗೋ ಹುಡುಗರನ್ನ ಪರೀಕ್ಷೆಗೇ ಕೂರಿಸ್ತಿರಲಿಲ್ಲ."

ರೋಲ್ ನಂಬರ್ ನಲವತ್ತೇಳು

ಜೂನ್‌ನಲ್ಲಿ ಅಡ್ಮಿಷನ್ ಶುರುವಾಗುವ ಹೊತ್ತಿಗೆ ಕಾಲೇಜಿನ ಸಾಫ್ಟ್‌ವೇರನ್ನೂ ಅದೇ ಅಚ್ಚಿನಿಂದ ಇಳಿಸಿಕೊಟ್ಟೆವು. ಹುಡುಗರ ಹೆಸರು, ಊರು, ಹಾಜರಿ ಎಲ್ಲ ಅದರಲ್ಲೇ. ಲೆಕ್ಚರರ ರಿಜಿಸ್ಟರಿಗೆ ಹೋಗುವ ಪಟ್ಟಿಯೂ ಅದರಿಂದಲೇ. ಪ್ರಿನ್ಸಿಪಾಲರು ಕಟ್ಟುನಿಟ್ಟಿನ ಮನುಷ್ಯ. "ಸಹಿ ಈಗ ಹಾಕಲ್ಲ. ವರ್ಷ ಪೂರ್ತಿ ಓಡಲಿ, ನೋಡೋಣ" ಎಂದರು.

ಕಾಲೇಜಿಗೆ ಅಂತ ಬರೆದ ಪರೀಕ್ಷೆಯಲ್ಲಿ ಹತ್ತು ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಒಬ್ಬ ಸುಳ್ಳು ವಿದ್ಯಾರ್ಥಿಯನ್ನು ಕಾಲೇಜಿಗೆ ಸೇರಿಸುವುದು, ನಡುವೆ ಅವನ ವಿಳಾಸ ಬದಲಿಸುವುದು, ರೋಲ್ ನಂಬರ್ ಕೊಡುವುದು ಇತ್ಯಾದಿ, ಹತ್ತನೆಯದರಲ್ಲಿ ಅವನನ್ನು ಅಳಿಸಿಹಾಕುವುದು. ಆ ವಿದ್ಯಾರ್ಥಿಗೆ ಗೆಳೆಯ ಕುಮಾರ್ ಅಂತ ಹೆಸರಿಟ್ಟಿದ್ದ. ಊರು ಹಳೇಕೋಟೆ. ತಂದೆಯ ಹೆಸರು ಟೆಸ್ಟಪ್ಪ.

ಇದನ್ನು ಓಡಿಸಬೇಕಾದ್ದು ನಮ್ಮಲ್ಲಿದ್ದ ನಕಲಿನ ಮೇಲೆ. ಗೆಳೆಯ ಒಂದು ದಿನ ಮರೆತು ಕಾಲೇಜಿನ ಅಸಲಿ ವೆಬ್‌ಸೈಟಿನ ಮೇಲೇ ಓಡಿಸಿದ. ಹತ್ತೂ ಹೆಜ್ಜೆ ಮುಗಿದಿದ್ದರೆ ಕುಮಾರ ಬಂದ ದಾರಿಗೆ ಸುಂಕವಿಲ್ಲದ ಹಾಗೆ ಹೋಗಿರುತ್ತಿದ್ದ. ಏಳನೇ ಹೆಜ್ಜೆಗೆ ಕರೆಂಟ್ ಹೋಯಿತು. ಯುಪಿಎಸ್ಸೂ ಅವತ್ತೇ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಗೆಳೆಯ ತಪ್ಪು ತಿದ್ದಿಕೊಂಡು ನಕಲಿನ ಮೇಲೆ ಮೊದಲಿಂದ ಓಡಿಸಿದ, ಎಲ್ಲ ಹಸಿರು ಬಂತು, ಆ ಸಂಗತಿಯನ್ನೇ ಮರೆತುಬಿಟ್ಟ. ನನಗೆ ಹೇಳಲೂ ಇಲ್ಲ.

ಫೆಬ್ರವರಿಯಲ್ಲಿ ಸಹಿ ಮಾಡಿಸಿಕೊಂಡು ಬರೋಣ ಅಂತ ಕಾಗದ ಹಿಡಿದು ಹೊಳೆನರಸೀಪುರದ ಬಸ್ಸು ಹತ್ತಿದೆ. ಕಾಲೇಜಿನ ಕ್ಲರ್ಕು ಹಾಜರಿಯ ಪಟ್ಟಿ ಪ್ರಿಂಟ್ ತೆಗೆಯುತ್ತಿದ್ದರು. ಸುಮ್ಮನೆ ಕಣ್ಣಾಡಿಸಿದೆ. ನಲವತ್ತೇಳನೇ ನಂಬರು, ಕುಮಾರ್, ತಂದೆ ಟೆಸ್ಟಪ್ಪ, ಹಾಜರಿ ನೂರಕ್ಕೆ ತೊಂಬತ್ತಾರು.

"ಸಾರ್, ಈ ಹುಡುಗ ಇಲ್ಲ. ನಾವು ಪರೀಕ್ಷೆಗೆ ಅಂತ ಹುಟ್ಟಿಸಿದ್ದು. ದಯವಿಟ್ಟು ಅಳಿಸಿಬಿಡಿ" ಎಂದೆ ಮೆಲ್ಲಗೆ.

ಕ್ಲರ್ಕು ಕನ್ನಡಕ ಸರಿ ಮಾಡಿಕೊಂಡರು. "ಇಲ್ದೇ ಇದ್ರೆ ಹಾಜರಿ ಎಲ್ಲಿಂದ ಬತ್ತದೆ?"

"ಅದೇ ನನಗೂ ಗೊತ್ತಾಗ್ತಿಲ್ಲ. ಟೆಸ್ಟಪ್ಪ ಅಂತ ಯಾರಿಗಾದ್ರೂ ಹೆಸರು ಇರತ್ತಾ ಸಾರ್?"

"ನಮ್ಮೂರಲ್ಲಿ ಕಲೆಕ್ಟ್ರಪ್ಪ ಅವ್ರೆ, ಪೋಲೀಸಪ್ಪ ಅವ್ರೆ. ಟೆಸ್ಟಪ್ಪ ಯಾಕಿರಬಾರ್ದು? ನೋಡಿ, ಅಡ್ಮಿಷನ್ ಆದೋರ್ನ ಅಳ್ಸಕ್ಕೆ ಬರಾಕಿಲ್ಲ. ಟಿ.ಸಿ. ಕೊಟ್ಟೇ ಕಳಿಸ್ಬೇಕು. ಟಿ.ಸಿ.ಗೆ ಹುಡುಗ ಅರ್ಜಿ ಕೊಡ್ಬೇಕು."

"ಹುಡುಗನೇ ಇಲ್ವಲ್ಲ ಸಾರ್."

"ಹುಡುಗ ಬರದಿದ್ರೆ ಪರ್ವಾಗಿಲ್ಲ, ತಂದೆ ಸಹಿ ಹಾಕಿದ್ರೆ ಸಾಕು."

ಬೇರೆ ದಾರಿ ಕಾಣಲಿಲ್ಲ. ಇನ್ನೂ ಮದುವೆಯಾಗದ ನಾನು ಅರ್ಜಿ ಬರೆದು, ಕೆಳಗೆ ಟೆಸ್ಟಪ್ಪ ಅಂತ ಸಹಿ ಹಾಕಿ, ಅದನ್ನು ಹಿಡಿದು ಪ್ರಿನ್ಸಿಪಾಲರ ರೂಮಿಗೆ ಹೋದೆ.

ಅವರು ಹಾಜರಿ ನೋಡಿ ನನ್ನ ಮೇಲೆ ರೇಗಿದರು. "ತೊಂಬತ್ತಾರು ಪರ್ಸೆಂಟ್ ಇರೋ ಹುಡುಗನ್ನ ಯಾಕ್ರೀ ಕಾಲೇಜು ಬಿಡಿಸ್ತೀರಿ?" ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೇಳಿ ಪೆನ್ನಿಗೆ ಮುಚ್ಚಳ ಹಾಕಿದರು. "ಹುಡುಗ ಇಲ್ಲ, ಹಾಜರಿ ಇದೆ. ಅಂದ್ರೆ ನಿಮ್ಮ ಸಾಫ್ಟ್‌ವೇರು ತಾನೇ ಹಾಜರಿ ಹಾಕ್ಕೊಂಡಿದೆ. ಇದಕ್ಕೆ ನಾನು ತೃಪ್ತಿಕರ ಅಂತ ಬರೀಬೇಕಾ?"

ಆಯಿತು, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಕ್ಕಳ ಮುಂದೆ ನಡುಗುತ್ತಾ ನಿಂತ ನನ್ನ ಚಿತ್ರವೇ ಕಣ್ಣಮುಂದೆ ಬಂತು. ನಿಜವಾಗಲೂ ಅಳು ಬಂತು. "ಸಾರ್, ಲೆಕ್ಚರರು ರಿಜಿಸ್ಟರಲ್ಲಿ ಹಾಕಿದ್ದನ್ನೇ ಕ್ಲರ್ಕು ಟೈಪ್ ಮಾಡೋದು. ಸಾಫ್ಟ್‌ವೇರಿಗೆ ಏನೂ ಗೊತ್ತಿಲ್ಲ ಸಾರ್" ಎಂದೆ.

ಆ ಕ್ಲಾಸಿನ ಲೆಕ್ಚರರನ್ನು ಕರೆಸಿದರು. ಅವರು ಸ್ವಲ್ಪವೂ ಯೋಚಿಸಲಿಲ್ಲ. "ನಲವತ್ತೇಳಾ ಸಾರ್? ಗೊತ್ತು. ಕಿಟಕಿ ಪಕ್ಕ ಕೂರ್ತಾನೆ. ಒಳ್ಳೆ ಹುಡುಗ, ಸ್ವಲ್ಪ ಸಂಕೋಚದ ಸ್ವಭಾವ."

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು, ಲೆಕ್ಚರರ ಮುಖ ನೋಡಿದರು. "ನೀವು ಹೋಗಿ ಎಂದಿನ ಹಾಗೆ ಹಾಜರಿ ತಗೊಳ್ಳಿ. ನಾವು ಹೊರಗೆ ನಿಂತಿರ್ತೀವಿ" ಎಂದರು.

ನಾವಿಬ್ಬರೂ ವರಾಂಡದಲ್ಲಿ, ಒಳಗಿನವರಿಗೆ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡು ನಿಂತೆವು. ಲೆಕ್ಚರರು ತಲೆ ಬಗ್ಗಿಸಿ ರಿಜಿಸ್ಟರ್ ನೋಡುತ್ತಾ ನಂಬರು ಕೂಗತೊಡಗಿದರು. ಪ್ರತಿ ನಂಬರಿಗೂ ‘ಪ್ರೆಸೆಂಟ್ ಸಾ’ ಬರುತ್ತಿತ್ತು. ನಲವತ್ತೈದು, ಪ್ರೆಸೆಂಟ್ ಸಾ. ನಲವತ್ತಾರು, ಪ್ರೆಸೆಂಟ್ ಸಾ.

"ನಲವತ್ತೇಳು."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಪಾಪ, ಯಾರೋ ತಮ್ಮ ಗೆಳೆಯನ ಪರವಾಗಿ ಕೂಗಲು ಮರೆತಿದ್ದಾರೆ ಅಂತ ಹುಡುಗರಿಗೆ ಕನಿಕರ ಬಂದಿರಬೇಕು. ಮೂರು ಮೂಲೆಗಳಿಂದ ಮೂರು ದನಿ ಒಟ್ಟಿಗೇ ಬಂದವು. "ಪ್ರೆಸೆಂಟ್ ಸಾ."

ಹಾಜರಿ ಮುಗಿದ ಮೇಲೆ ಪ್ರಿನ್ಸಿಪಾಲರು ಒಳಗೆ ಹೋಗಿ ಒಂದೊಂದೇ ತಲೆ ಎಣಿಸಿದರು. ರಿಜಿಸ್ಟರಿನಲ್ಲಿ ಎಪ್ಪತ್ತು ಪ್ರೆಸೆಂಟು, ಬೆಂಚಿನ ಮೇಲೆ ಇಪ್ಪತ್ತಾರು ಹುಡುಗರು. ಲೆಕ್ಚರರು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡುತ್ತಿದ್ದರು. ಪ್ರಿನ್ಸಿಪಾಲರು ಹೊರಗೆ ಬಂದು, ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು, ಗೋಡೆಗಿಟ್ಟು ‘ಕೆಲಸ ತೃಪ್ತಿಕರ’ ಅಂತ ಬರೆದು ಸಹಿ ಹಾಕಿದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಕ್ಲರ್ಕು ತುಂಬಿದ ಟಿ.ಸಿ. ಹಿಡಿದು ಅಲ್ಲಿಗೇ ಬಂದರು. "ಸಾರ್, ಎಲ್ಲಾ ಆಯ್ತು. ‘ನಡತೆ’ ಅಂತಿರೋ ಕಡೆ ಏನು ಬರೀಲಿ?"

ಪ್ರಿನ್ಸಿಪಾಲರು ಒಮ್ಮೆ ಬಾಗಿಲಲ್ಲಿ ಬಗ್ಗಿ ಆ ಇಪ್ಪತ್ತಾರು ಜನರನ್ನು ನೋಡಿದರು.

"ಅತ್ಯುತ್ತಮ ಅಂತ ಬರೀರಿ. ಈ ಕ್ಲಾಸಲ್ಲಿ ಒಂದು ದಿನವೂ ಸುಳ್ಳು ಹೇಳದೇ ಇದ್ದೋನು ಅವನೊಬ್ಬನೇ."